ಕೇಳದೆ ಮಾಡಿದ ಉಪಕಾರ

ಹೋದ ತಿಂಗಳು ಊರಿನಿಂದ ತಮ್ಮನ ಫೋನು ಬಂತು. ಉಡುಪಿ ಜಿಲ್ಲೆಯ ನಮ್ಮ ಹಳ್ಳಿಯ ಪಂಚಾಯತಿಯನ್ನು ಪಕ್ಕದ ಪೇಟೆಯ ಪುರಸಭೆಗೆ ಸೇರಿಸುವ ಮಾತು ನಡೆದಿದೆಯಂತೆ. "ಅಣ್ಣ, ಇಲ್ಲಿ ಎರಡು ಪಂಗಡ ಆಗಿದೆ. ಸೇರಿದರೆ ನೀರು ಬರ್ತದೆ, ರಸ್ತೆ ಆಗ್ತದೆ ಅಂತ ಒಂದು ಕಡೆಯವರು. ತೆರಿಗೆ ಏರ್ತದೆ, ಆಮೇಲೆ ನಮ್ಮ ಮಾತು ಯಾರು ಕೇಳ್ತಾರೆ ಅಂತ ಇನ್ನೊಂದು ಕಡೆಯವರು. ನೀನು ಮುಂಬಯಿಯಲ್ಲಿ ಇದನ್ನೆಲ್ಲ ನೋಡಿದವ. ಸೇರಬೇಕಾ ಬೇಡವಾ, ಒಂದೇ ಮಾತಲ್ಲಿ ಹೇಳು" ಎಂದ.

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವ ನಾನು. ಸಾಲದ ಅರ್ಜಿಗಳ ಮೇಲೆ ಒಂದೇ ಮಾತಲ್ಲಿ ಮಂಜೂರು ಅಥವಾ ಇಲ್ಲ ಎಂದು ಬರೆದು ಸಹಿ ಹಾಕಿ ಅಭ್ಯಾಸ. ಆದರೂ ತಮ್ಮನಿಗೆ ಅವತ್ತು ಉತ್ತರ ಕೊಡಲು ಆಗಲಿಲ್ಲ. "ಯೋಚಿಸಿ ಹೇಳ್ತೇನೆ" ಎಂದು ಫೋನಿಟ್ಟೆ. ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನಲ್ಲೂ ಇಂಥ ಮಾತು ನಡೆದಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಒಂದು ತಿದ್ದುಪಡಿ. ಊರಿನವರ ಲೆಕ್ಕಕ್ಕೆ ನಾನು ಮುಂಬಯಿಯಲ್ಲಿದ್ದೇನೆ. ಆದರೆ ಮುಂಬಯಿ ಪಾಲಿಕೆಯ ಗಡಿ ದಹಿಸರಿಗೆ ಮುಗಿಯುತ್ತದೆ. ಅಲ್ಲಿಂದಾಚೆ ಮೀರಾ-ಭಾಯಂದರ್, ಆಮೇಲೆ ಖಾಡಿಯ ಸೇತುವೆ, ಅದನ್ನು ದಾಟಿದರೆ ವಸಯಿ. ಮುಂಬಯಿಯಲ್ಲಿ ದುಡಿದು ಮುಂಬಯಿಯಲ್ಲಿ ಮನೆ ಕೊಳ್ಳಲಾಗದ ನಮ್ಮಂಥವರು ವಿರಾರ್ ಲೋಕಲ್ ಹಿಡಿದು ಬಂದು ಸೇರಿದ್ದು ಇಲ್ಲಿ. ಹೋಟೆಲಿನವರು, ಕಾರಕೂನರು, ಮಿಲ್ಲು ಮುಚ್ಚಿ ಬೀದಿಗೆ ಬಿದ್ದವರು, ಎಲ್ಲ ಭಾಷೆಯವರೂ. ಕರಾವಳಿಯವರಂತೂ ಪ್ಲಾಟ್‌ಫಾರ್ಮಿನಲ್ಲಿ ದಿನಕ್ಕೆ ನಾಲ್ಕು ಮಂದಿಯಾದರೂ ಸಿಗುತ್ತಾರೆ.

ರೈಲು ಹಳಿಯ ಪಶ್ಚಿಮಕ್ಕೆ, ಸಮುದ್ರದ ಕಡೆಗೆ ನಡೆದರೆ ಮಾತ್ರ ಇದು ಬೇರೆಯೇ ಊರು. ಬಾಳೆತೋಟ, ತೆಂಗು, ವೀಳ್ಯದೆಲೆ, ಹೂವಿನ ಪಾತಿ, ಪ್ರತಿ ಹಿತ್ತಲಿಗೂ ಒಂದು ಬಾವಿ. ಸಾಮವೇದಿ ಮರಾಠಿ ಆಡುವ ಕ್ರೈಸ್ತ ರೈತರು, ವಾಡವಳರು, ಮೀನುಗಾರರು. ಬಾಳೆಹಣ್ಣು ಒಣಗಿಸಿ ಮಾಡುವ ಸುಕೇಳಿ ಇಲ್ಲಿಯ ವಿಶೇಷ. ಹೆಂಗಸರು ಬೆಳಗಿನ ರೈಲಿನಲ್ಲಿ ತರಕಾರಿ, ಹೂವು ಹೊತ್ತು ಮುಂಬಯಿಗೆ ಹೋಗಿ ಮಾರಿ ಬರುತ್ತಿದ್ದರು. 1999ರಲ್ಲಿ ಇಂಥ ಒಂದು ಹಳ್ಳಿಯ ಶಾಖೆಗೆ ನನ್ನನ್ನು ಮ್ಯಾನೇಜರ್ ಮಾಡಿ ಹಾಕಿದರು. ಅಲ್ಲೇ ಬಾಡಿಗೆ ಮನೆ ಹಿಡಿದೆ. ಮೊದಲ ಬೆಳಿಗ್ಗೆ ಬಾವಿಕಟ್ಟೆ ನೋಡಿ ನನ್ನ ಹೆಂಡತಿ, "ಇದು ನಮ್ಮ ಊರೇ ಅಲ್ವಾ" ಎಂದಿದ್ದಳು.

ಅಲ್ಲಿ ನಮ್ಮ ಶಾಖೆಯ ಗಿರಾಕಿಯಾಗಿದ್ದವರು ಒಬ್ಬ ಬಾಳೆತೋಟದ ರೈತ. ನನಗಿಂತ ಹದಿನೈದು ವರ್ಷ ದೊಡ್ಡವರು, ಎಲ್ಲರಿಗೂ 'ಕಾಕಾ'. ಪಂಪ್‌ಸೆಟ್ಟಿಗೆ ಸಾಲ ಕೊಟ್ಟಿದ್ದೆ. ಕಂತು ತಪ್ಪಿಸಿದವರಲ್ಲ. ಸಾತ್‌ಬಾರಾ ಉತಾರ ಎಂದರೆ ನಮ್ಮ ಪಹಣಿ ಎಂದು ತಿಳಿಸಿಕೊಟ್ಟವರು ಅವರೇ. ಒಂದು ದಿನ ಅವರೇ ನನ್ನನ್ನು ಗ್ರಾಮಸಭೆಗೆ ಕರೆದುಕೊಂಡು ಹೋದರು. ಮಹಾರಾಷ್ಟ್ರದಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಗ್ರಾಮಸಭೆ ಸೇರುವ ಪದ್ಧತಿ ಇತ್ತು. ಅವತ್ತು ಆಗಸ್ಟ್ 15. ಧ್ವಜ ಹಾರಿಸಿ, ಮಕ್ಕಳಿಗೆ ಪೇಡೆ ಹಂಚಿ, ಶಾಲೆಯ ಜಗಲಿಯಲ್ಲಿ ಜನ ಕೂತರು. ನಾನು ಹಿಂದಿನ ಸಾಲಿನಲ್ಲಿ ಕೂತೆ.

ಸಭೆಯಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಸರ್‌ಪಂಚರನ್ನು ಕೇಳಿದಳು: "ರಾತ್ರಿ ಟ್ಯಾಂಕರಿಗೆ ನೀರು ಎಳೆಯೋ ಬಾವಿ ಯಾರದು? ಅನುಮತಿ ಕೊಟ್ಟವರು ಯಾರು? ನಮ್ಮ ಬಾವೀಲಿ ಉಪ್ಪು ಬರ್ತಾ ಇದೆ." ಸರ್‌ಪಂಚ ತಡವರಿಸಿದರು. ಗ್ರಾಮಸೇವಕ ಕಡತ ತಿರುವಿದ. ಮತ್ತೆ ನಾಲ್ಕು ಜನ ಎದ್ದರು. ಗಲಾಟೆಯಾಯಿತು. ಕೊನೆಗೆ ಟ್ಯಾಂಕರು ನಿಲ್ಲಿಸಬೇಕೆಂದು ಠರಾವು ಆಯಿತು. ನಿಂತಿತೇ? ಎರಡು ತಿಂಗಳು ನಿಂತಿತು, ಆಮೇಲೆ ಮತ್ತೆ ಶುರುವಾಯಿತು. ಹಾಗಾಗಿ ಆ ಪಂಚಾಯತಿ ರಾಮರಾಜ್ಯವೆಂದು ನಾನು ಹೇಳುವುದಿಲ್ಲ. ಆದರೆ ಕೇಳಬೇಕಾದವರನ್ನು ಮುಖಕ್ಕೆ ಮುಖ ಕೊಟ್ಟು ಕೇಳುವ ಒಂದು ಜಗಲಿ ಆ ಹೆಂಗಸಿಗೆ ಇತ್ತು.

ನಾನು ಬಾಯಿ ಬಿಡಲಿಲ್ಲ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇತ್ತು, ಮರಾಠಿಯೂ ಅಷ್ಟಿಷ್ಟು ಬರುತ್ತಿತ್ತು. ಆದರೂ ಹೊರಗಿನವ ಎಂಬ ಅಳುಕು.

2003ರಲ್ಲಿ ವರ್ಗವಾಯಿತು. ಅಷ್ಟರಲ್ಲಿ ಸ್ಟೇಷನ್ ಹತ್ತಿರ ಒಂದು ಫ್ಲ್ಯಾಟು ಕೊಂಡಿದ್ದೆ. ನಾಲ್ಕು ಮಹಡಿ, ಹದಿನಾರು ಮನೆ. ನಲ್ಲಿ ಇತ್ತು, ನೀರು ಇರಲಿಲ್ಲ. ವಾರಕ್ಕೆ ಮೂರು ಟ್ಯಾಂಕರು ತರಿಸುತ್ತಿದ್ದೆವು. ಟ್ಯಾಂಕರು ಬರುತ್ತಿದ್ದದ್ದು ಎಲ್ಲಿಂದ ಎಂದು ಕೇಳಬೇಡಿ. ಗ್ರಾಮಸಭೆಯಲ್ಲಿ ಆ ಹೆಂಗಸು ಬೈದ ನೀರಿನಲ್ಲೇ ನಾನು ಸ್ನಾನ ಮಾಡಿ ಎಂಟೂ ಐದರ ಲೋಕಲ್ ಹಿಡಿಯುತ್ತಿದ್ದೆ.

ಆ ಹೊತ್ತಿಗೆ ಪಾಲಿಕೆಯ ಮಾತು ಬಂತು. ವಸಯಿ, ವಿರಾರ್, ನಾಲಾಸೋಪಾರಾ, ನವ್‌ಘರ್-ಮಾಣಿಕ್‌ಪುರ ಎಂಬ ನಾಲ್ಕು ನಗರ ಪರಿಷತ್ತುಗಳನ್ನೂ ಸುತ್ತಲಿನ 53 ಹಳ್ಳಿಗಳನ್ನೂ ಕೂಡಿಸಿ ಒಂದೇ ಮಹಾನಗರಪಾಲಿಕೆ. ಹಳ್ಳಿಗಳಿಗೆ ಇದರ ಅರ್ಥವೇನೆಂದರೆ, ಗ್ರಾಮಪಂಚಾಯತಿ, ಅದರ ಮೇಲೆ ಪಂಚಾಯತ್ ಸಮಿತಿ, ಅದರ ಮೇಲೆ ಜಿಲ್ಲಾ ಪರಿಷತ್ತು ಎಂಬ ಮೂರು ಮೆಟ್ಟಿಲು ಹೋಗಿ ಒಂದೇ ಅಂತಸ್ತು. ನಮ್ಮ ಸೊಸೈಟಿಯಲ್ಲಿ ಪಾಲಿಕೆ ಬೇಕೆಂದು ಮನವಿಪತ್ರ ಬರೆದರು. ಖಜಾಂಚಿ ನಾನು. ಎರಡನೆಯ ಸಹಿ ನನ್ನದು.

ಎಂ.ಕಾಂ. ಓದಿದವನ ಬುದ್ಧಿಗೆ ಅದು ಸರಳ ಲೆಕ್ಕವಾಗಿತ್ತು. ಸೂರ್ಯಾ ಅಣೆಕಟ್ಟಿನಿಂದ ಕೊಳವೆ ಎಳೆಯುವುದು ಒಂದು ಪಂಚಾಯತಿಯ ಕೈಯಲ್ಲಿ ಆಗುವ ಕೆಲಸವೇ? ಕಸ ಹಾಕಲು ಒಂದು ಹಳ್ಳಿ ಜಾಗ ಎಲ್ಲಿಂದ ತಂದೀತು? ಹತ್ತು ಕಚೇರಿ, ಹತ್ತು ಎಂಜಿನಿಯರರ ಬದಲು ಒಂದು ದೊಡ್ಡ ಕಚೇರಿ ಇದ್ದರೆ ಖರ್ಚು ಕಡಿಮೆ, ಸಾಲ ತರುವ ಶಕ್ತಿ ಹೆಚ್ಚು. ಇವತ್ತಿಗೂ ಈ ಲೆಕ್ಕ ತಪ್ಪು ಎನ್ನಲಾರೆ. ಬಾವಿಗೆ ಗ್ರಾಮದ ಗಡಿ ಗೊತ್ತಿಲ್ಲ, ಕೊಳಚೆಗೂ ಗೊತ್ತಿಲ್ಲ.

2009ರ ಜುಲೈಯಲ್ಲಿ ಪಾಲಿಕೆ ಆಯಿತು. ಹಳ್ಳಿಗಳು ಸಿಡಿದೆದ್ದವು. ಹಸಿರು ಪಟ್ಟಿಗೆ ಬಿಲ್ಡರುಗಳು ನುಗ್ಗುತ್ತಾರೆ ಎಂಬ ಭಯ ಅವರಿಗೆ ಹಳೆಯದು. 1980ರ ದಶಕದ ಕೊನೆಯಲ್ಲೇ ಫಾದರ್ ಫ್ರಾನ್ಸಿಸ್ ದಿಬ್ರಿಟೊ 'ಹರಿತ ವಸಯಿ' ಚಳವಳಿ ಕಟ್ಟಿದ್ದರು. ಮುಂದೆ 2020ರಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು ಅವರೇ. 2009ರ ಅಕ್ಟೋಬರಿನ ವಿಧಾನಸಭೆ ಚುನಾವಣೆಯಲ್ಲಿ ಹಳ್ಳಿಗಳ ಹೋರಾಟದ ಮುಂದಾಳು ವಿವೇಕ್ ಪಂಡಿತ್ ಪಕ್ಷೇತರರಾಗಿ ನಿಂತು ವಸಯಿಯಿಂದ ಗೆದ್ದರು. 2011ರಲ್ಲಿ 29 ಹಳ್ಳಿಗಳನ್ನು ಪಾಲಿಕೆಯಿಂದ ಬಿಡುವ ಅಧಿಸೂಚನೆ ಹೊರಟಿತು. ಅದು ಕೋರ್ಟು ಸೇರಿತು, ವರ್ಷಗಟ್ಟಲೆ ಅಲ್ಲೇ ಕೂತಿತು. 2024ರಲ್ಲಿ ಸರ್ಕಾರ ಅವನ್ನು ಪಾಲಿಕೆಯಲ್ಲೇ ಇಟ್ಟುಕೊಳ್ಳುವ ಕ್ರಮಕ್ಕೆ ಕೈಹಾಕಿತು.

ಆ ಗಲಾಟೆಯ ದಿನಗಳಲ್ಲಿ ಒಂದು ಭಾನುವಾರ ಮಾರುಕಟ್ಟೆಯಲ್ಲಿ ಕಾಕಾ ಸಿಕ್ಕಿದರು.

"ಮ್ಯಾನೇಜರ್ ಸಾಹೇಬ, ನೀವೂ ಸಹಿ ಹಾಕಿದ್ರಂತೆ?"

"ಒಳ್ಳೇದಕ್ಕೇ ಕಾಕಾ. ನೀರು ಬರುತ್ತೆ. ನಿಮ್ಮ ಬಾವೀನೂ ಉಳಿಯುತ್ತೆ."

"ಬರಲಿ, ಉಳೀಲಿ. ಬೇಕಾ ಅಂತ ನಮ್ಮನ್ನ ಕೇಳಿದ್ರಾ?"

ಆಕ್ಷೇಪಣೆ ಸಲ್ಲಿಸಲು ಅವಕಾಶ ಇತ್ತಲ್ಲ ಎಂದೆ. ಅವರು ನಕ್ಕರು. "ಮಗಳ ಮದುವೆ ಗೊತ್ತು ಮಾಡಿ, ಆಕ್ಷೇಪಣೆ ಇದ್ದರೆ ತಿಳಿಸು ಅಂತ ಚೀಟಿ ಅಂಟಿಸಿದ ಹಾಗಾಯ್ತು" ಎಂದು ಚೀಲ ಎತ್ತಿಕೊಂಡು ಹೋದರು. ಅವತ್ತು ನನಗೆ ಸ್ವಲ್ಪ ಸಿಟ್ಟೇ ಬಂತು. ಒಳ್ಳೆಯದನ್ನು ಬೇಡವೆನ್ನುವ ಹಟ ಇದು, ಹಳ್ಳಿಗರ ಮೊಂಡುತನ ಎಂದುಕೊಂಡೆ. ಅವರ ಪ್ರಶ್ನೆಯ ಬಿಸಿ ನನಗೆ ತಟ್ಟಲು ಹನ್ನೊಂದು ವರ್ಷ ಬೇಕಾಯಿತು.

2020ರ ಏಪ್ರಿಲ್ 1. ದೇಶಕ್ಕೆಲ್ಲ ಬೀಗ ಬಿದ್ದಿತ್ತು. ಆ ದಿನ ನನ್ನ ಬ್ಯಾಂಕು ಇನ್ನೊಂದು ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಯಿತು. ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ಓದುಗರಿಗೆ ಗೊತ್ತೇ ಇದೆ, ನಮ್ಮ ಕರಾವಳಿ ಬ್ಯಾಂಕುಗಳ ತವರು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋದಾಗ ಮೈಸೂರು ಕಡೆಯವರು ನೊಂದರು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳ ಹೆಸರು ಅಳಿಸಿದಾಗ ನಮ್ಮ ಕಡೆಯವರು ನೊಂದರು. ಮನೆಮನೆಗೆ ಹೋಗಿ ಪುಡಿಗಾಸಿನ ಠೇವಣಿ ಕೂಡಿಸಿ ಕಟ್ಟಿದ ಸಂಸ್ಥೆಗಳು ಅವು.

ಲೆಕ್ಕ ನೋಡಿದರೆ ನನಗೆ ಒಂದು ಪೈಸೆಯ ನಷ್ಟ ಇಲ್ಲ. ಪಿಂಚಣಿ ತಪ್ಪದೆ ಬರುತ್ತದೆ. ದೊಡ್ಡ ಬ್ಯಾಂಕಿನ ಬುನಾದಿ ಗಟ್ಟಿ ಎಂದು ನಾನೇ ಗಿರಾಕಿಗಳಿಗೆ ಫೋನಿನಲ್ಲಿ ಧೈರ್ಯ ಹೇಳಿದೆ. ಆದರೆ ಬಾಗಿಲ ಮೇಲಿನ ಬೋರ್ಡು ಇಳಿಸಿದ ಫೋಟೋವನ್ನು ಹುಡುಗನೊಬ್ಬ ಕಳಿಸಿದಾಗ ಗಂಟಲು ಕಟ್ಟಿತು. ಮೂವತ್ತೇಳು ವರ್ಷ ದುಡಿದವನನ್ನು ಒಂದು ಮಾತು ಕೇಳಲಿಲ್ಲವಲ್ಲ ಎನ್ನಿಸಿತು. ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ.

ಅದೇ ವಾರ ಕಾಕಾ ಫೋನ್ ಮಾಡಿದರು. ಪಾಸ್‌ಬುಕ್ಕಿನ ಗತಿ ಏನು ಎಂದು ಕೇಳಿ, ಕೊನೆಗೆ ಮೆಲ್ಲಗೆ, "ಹಾಗಾದ್ರೆ ಸಾಹೇಬ, ನಿಮ್ಮದೂ ಪಾಲಿಕೆ ಆಯ್ತು ಅನ್ನಿ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನನಗೆ ಮಾತ್ರ ಮಾರುಕಟ್ಟೆಯ ಆ ಭಾನುವಾರ ನೆನಪಾಯಿತು.

ಇಲ್ಲಿಗೆ ನನ್ನ ಮೊದಲ ಪಾಠ. ಕೇಳದೆ ಮಾಡಿದ್ದರಿಂದ ಆಗುವ ನೋವನ್ನು ನಷ್ಟದ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಷ್ಟವಾಗದಿದ್ದರೂ ಆ ನೋವು ಇರುತ್ತದೆ. ಲಾಭವಾದರೂ ಇರುತ್ತದೆ. ಮನೆಯ ಹಿರಿಯನನ್ನು ಕೇಳದೆ ಅವನ ಕೋಣೆಗೆ ಚೆಂದದ ಬಣ್ಣ ಬಳಿದಂತೆ. ಬಣ್ಣ ಚೆನ್ನಾಗಿಯೇ ಇದೆ. ಆದರೆ ಆ ಮನೆಯಲ್ಲಿ ತನ್ನ ಮಾತಿಗೆ ಬೆಲೆ ಇಲ್ಲವೆಂದು ಹಿರಿಯನಿಗೆ ತಿಳಿದುಹೋಗಿದೆ.

"ಬಹುಮತ ಬೇಡವೇ?" ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. 2011ರ ಜನಗಣತಿಯಲ್ಲಿ ಈ ಪಾಲಿಕೆಯ ಜನಸಂಖ್ಯೆ 12 ಲಕ್ಷ ದಾಟಿತ್ತು. ಅದರಲ್ಲಿ ಹೆಚ್ಚಿನವರು ನಮ್ಮಂತೆ ಫ್ಲ್ಯಾಟಿನವರು. ತಲೆ ಎಣಿಸಿದರೆ ಹಳ್ಳಿಗಳು ಯಾವ ಕಾಲಕ್ಕೂ ಸೋಲುತ್ತವೆ. ಆದರೆ ಯಾರನ್ನು ಒಂದೇ ಗುಂಪೆಂದು ಎಣಿಸಬೇಕು ಎಂಬ ಪ್ರಶ್ನೆ ಮತ ಹಾಕುವುದಕ್ಕೂ ಮೊದಲಿನದು. ನನ್ನ ಮನೆ, ನಿಮ್ಮ ಮನೆ ಕೂಡಿಸಿ ಮತಕ್ಕೆ ಹಾಕಿದರೆ, ನನ್ನ ಮನೆಯಲ್ಲಿ ಎಂಟು ಜನ, ನಿಮ್ಮಲ್ಲಿ ಮೂವರು ಎಂದಾದರೆ, ನಿಮ್ಮ ಹಿತ್ತಲಿನ ಗೋಡೆ ಬೀಳಿಸಲು ನನಗೆ ಬಹುಮತ ಸಿಕ್ಕಿಯೇ ಸಿಗುತ್ತದೆ. ಅದನ್ನು ನ್ಯಾಯವೆನ್ನಲು ಬರುವುದಿಲ್ಲ. ಹಾಗೆಂದು ಪ್ರತಿ ಹಿತ್ತಲಿಗೂ ತಡೆಯುವ ಹಕ್ಕು ಕೊಟ್ಟರೆ ಅಣೆಕಟ್ಟಿನ ನೀರು ಯಾರ ಮನೆಗೂ ಬಾರದು. ಇದು ಕಷ್ಟದ ಪ್ರಶ್ನೆ. ಕಷ್ಟದ್ದು ಎಂದು ಒಪ್ಪಿಕೊಂಡು ಕೂತು ಮಾತಾಡುವುದಷ್ಟೇ ಮರ್ಯಾದೆಯ ದಾರಿ.

ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರೂ ಇದ್ದಾರೆ. ಬಾಂದ್ರಾಕ್ಕೆ ಒಂದು ಕಾಲದಲ್ಲಿ ತನ್ನದೇ ಪುರಸಭೆ ಇತ್ತು. 1950ರಲ್ಲಿ ಒಂದಿಷ್ಟು ಉಪನಗರಗಳು, 1957ರಲ್ಲಿ ದಹಿಸರ್ ಮತ್ತು ಮುಲುಂಡ್‌ವರೆಗಿನ ಉಳಿದವು ಮುಂಬಯಿ ಪಾಲಿಕೆಗೆ ಸೇರಿದವು. ಇವತ್ತು ಅದಕ್ಕಾಗಿ ಅಳುವವರಿಲ್ಲ. ನಿಜ. ಆದರೆ ಸಾಲಗಾರ ಮರೆತ ಮಾತ್ರಕ್ಕೆ ಸಾಲ ತೀರುವುದಿಲ್ಲ ಎನ್ನುವುದು ನನ್ನ ವೃತ್ತಿ ಕಲಿಸಿದ ಪಾಠ.

ದೊಡ್ಡದಾದದ್ದರಿಂದ ಸಿಕ್ಕಿದ್ದೇನು? ನಮ್ಮ ಕಟ್ಟಡಕ್ಕೆ ನಲ್ಲಿ ನೀರು ಬಂತು, ಟ್ಯಾಂಕರು ಕಡಿಮೆಯಾಯಿತು. ಅದನ್ನು ಮರೆಮಾಚಿದರೆ ನಾನು ಕೃತಘ್ನ. ಆದರೆ ದೇಹ ದೊಡ್ಡದಾದ ಮಾತ್ರಕ್ಕೆ ಕಣ್ಣು ದೊಡ್ಡದಾಗುವುದಿಲ್ಲ. ನಾಲಾಸೋಪಾರಾದಲ್ಲಿ ಕಸ ಮತ್ತು ಕೊಳಚೆ ನೀರಿನ ವ್ಯವಸ್ಥೆಗೆ ಮೀಸಲಿಟ್ಟ ಜಾಗದಲ್ಲಿ 41 ಅಕ್ರಮ ಕಟ್ಟಡಗಳು ಎದ್ದು, ಜನ ತುಂಬಿ, ಕೊನೆಗೆ ಹೈಕೋರ್ಟಿನ ಆದೇಶದಂತೆ 2025ರ ಹೊತ್ತಿಗೆ ಅವನ್ನು ಕೆಡವಿದರು. ಮನೆ ಕಳೆದುಕೊಂಡವರು ನಮ್ಮಂತೆಯೇ ದೂರದಿಂದ ಬಂದವರು.

ನಿಮ್ಮ ಬೆಂಗಳೂರನ್ನೇ ನೋಡಿ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಕೂಡಿಸಿ ಬೃಹತ್ ಪಾಲಿಕೆ ಮಾಡಿದರು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಮರುವರ್ಷ, 2025ರ ಸೆಪ್ಟೆಂಬರಿನಲ್ಲಿ, ಆ ಬೃಹತ್ತನ್ನೇ ಒಡೆದು ಐದು ಪಾಲಿಕೆ ಮಾಡಿದರು. ದೆಹಲಿಯಲ್ಲಿ ಇದರ ತಿರುವುಮುರುವು. 2012ರಲ್ಲಿ ಒಂದನ್ನು ಮೂರು ಮಾಡಿದರು, 2022ರಲ್ಲಿ ಮೂರನ್ನು ಮತ್ತೆ ಒಂದು ಮಾಡಿದರು. ಕೂಡಿಸುವಾಗಲೂ ಕಳೆಯುವಾಗಲೂ ಹೇಳುವ ಕಾರಣ ಒಂದೇ, ಆಡಳಿತ ಸುಲಭವಾಗಲಿ ಎಂದು. ಬ್ಯಾಲೆನ್ಸ್ ಶೀಟು ಹೀಗೆ ಎರಡೂ ಕಡೆ ಒಂದೇ ಅಂಕಿ ತೋರಿಸಿದರೆ ಆಡಿಟರು ಸುಮ್ಮನಿರುವುದಿಲ್ಲ.

ಈಗ ನನಗೆ ಹೆಚ್ಚು ಚುಚ್ಚುವ ಮಾತಿಗೆ ಬರುತ್ತೇನೆ. ಹೊರನಾಡಿಗನಾಗಿ ನನಗೆ ಪಾಲಿಕೆಯಾದದ್ದು ಖುಷಿ ಕೊಟ್ಟಿತ್ತು. ಹಳ್ಳಿಯ ಜಗಲಿಯಲ್ಲಿ ನಾನು ಹಿಂದಿನ ಸಾಲಿನವನು. ಯಾರ ಮಗ, ಯಾವ ವಾಡಿ ಎಂದು ಕೇಳಿದರೆ ಉತ್ತರ ಇಲ್ಲದವನು. ಪಾಲಿಕೆಯಲ್ಲಿ ಹಾಗಲ್ಲ. ಅಲ್ಲಿ ನನಗೊಂದು ಘರಪಟ್ಟಿಯ ನಂಬರು, ಕಾಕಾನಿಗೂ ಒಂದು ನಂಬರು. ಸಮಾನತೆ ಬಂತು ಎಂದುಕೊಂಡೆ. ಆದರೆ ಅದು ಬಂದ ರೀತಿ ನೋಡಿ. ನನ್ನನ್ನು ಕರೆದು ಜಗಲಿಯ ಮುಂದಿನ ಸಾಲಿನಲ್ಲಿ ಕೂರಿಸಿ ಸಮ ಮಾಡಲಿಲ್ಲ. ಜಗಲಿಯನ್ನೇ ತೆಗೆದರು. ನಾನು ಅವರ ಊರಿನವನಾಗಲಿಲ್ಲ, ಅವರು ತಮ್ಮ ಊರಿನಲ್ಲೇ ನನ್ನ ಹಾಗೆ ಪರಸ್ಥಳದವರಾದರು. ಹೊಟ್ಟೆಪಾಡಿಗೆ ನಾನೇ ಆರಿಸಿಕೊಂಡ ಪರದೇಶಿತನ ಅದು. ಕೂತಲ್ಲಿಂದ ಏಳದವರಿಗೂ ಅದನ್ನು ಹಂಚಿದ ಮನವಿಪತ್ರದಲ್ಲಿ ನನ್ನ ಸಹಿ ಇದೆ.

ಕಾನೂನು ಈ ಜಗಲಿಯ ಬಗ್ಗೆ ಯೋಚಿಸಿಲ್ಲ ಎನ್ನುವಂತಿಲ್ಲ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ಅದೇ ವರ್ಷ ಬಂದ 74ನೆಯದು ನಗರಗಳಿಗೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ವಾರ್ಡ್ ಸಮಿತಿ ಇರಬೇಕು ಎಂದಿತು. ಮಹಾರಾಷ್ಟ್ರದಲ್ಲಿ ಹಲವು ವಾರ್ಡುಗಳನ್ನು ಕೂಡಿಸಿ ಒಂದು ಪ್ರಭಾಗ ಸಮಿತಿ. ಅದರಲ್ಲಿ ಕೂರುವವರು ಬಹುತೇಕ ನಗರಸೇವಕರೇ. ಟ್ಯಾಂಕರಿನ ಬಗ್ಗೆ ಕೇಳಿದ ಆ ಹೆಂಗಸಿಗೆ ಎದ್ದು ನಿಲ್ಲುವ ಹಕ್ಕು ಹಳ್ಳಿಯಲ್ಲಿತ್ತು, ನಗರದಲ್ಲಿ ಇಲ್ಲ. ಇನ್ನೂ ಒಂದು ಮಾತು. ನಮ್ಮ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರಲ್ಲಿ ಮುಗಿಯಿತು. ಕೊರೋನಾ, ಆಮೇಲೆ ಮೀಸಲಾತಿಯ ಮೊಕದ್ದಮೆ ಎಂದು ಮುಂದಕ್ಕೆ ಹೋಗಿ ಹೋಗಿ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಅಷ್ಟು ವರ್ಷ ಆಡಳಿತಾಧಿಕಾರಿಗಳದೇ ಕಾರುಬಾರು. ಜಗಲಿ ಮೊದಲೇ ಹೋಗಿತ್ತು, ಆಮೇಲೆ ನಗರಸೇವಕರೂ ಇಲ್ಲವಾದರು.

ಕಳೆದ ಆಗಸ್ಟ್ 15ಕ್ಕೆ ಕಾಕಾನ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದೆ. ತೋಟ ಅರ್ಧಕ್ಕೆ ಇಳಿದಿದೆ. ಮಗ ಕೆನಡಾದಲ್ಲಿ. ಶಾಲೆಯಲ್ಲಿ ಧ್ವಜ ಹಾರಿಸಿದರು, ಪೇಡೆ ಹಂಚಿದರು, ಜನ ಮನೆಗೆ ಹೋದರು. ಅಷ್ಟೇ. ಚಹ ಕುಡಿಯುತ್ತಾ ನಾನು ಕೇಳಿದೆ, "ಕಾಕಾ, ನನ್ನ ಮೇಲೆ ಸಿಟ್ಟಿದೆಯಾ? ಆ ಸಹಿಗೆ?"

"ಸಿಟ್ಟು ಎಂತದು ಸಾಹೇಬ. ನಿಮಗೂ ನೀರು ಬೇಕಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನಾಲ್ಕು ವರ್ಷ ನಮ್ಮ ಸಭೆಗೆ ಬಂದ್ರಿ. ನಮ್ಮಲ್ಲಿ ನೀರಿಲ್ಲ, ನಾವು ಏನು ಮಾಡಬೇಕು ಹೇಳಿ ಅಂತ ಒಂದ್ಸಲಾನೂ ಕೇಳ್ಲಿಲ್ಲ. ಫ್ಲ್ಯಾಟಿಗೆ ಹೋದ ಮೇಲೂ ಬಂದು ಕೇಳ್ಬಹುದಿತ್ತು" ಎಂದರು.

"ನಾನು ಹೊರಗಿನವ ಕಾಕಾ."

"ಅದನ್ನ ಹೇಳಿದ್ದು ನಾವಾ, ನೀವಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಅವರು ನನ್ನನ್ನು ಮುಂದಿನ ಸಾಲಿಗೆ ಕರೆದಿರಲಿಲ್ಲ, ಅದೂ ಸತ್ಯವೇ. ಆದರೆ ನಾನೂ ಕೇಳಿರಲಿಲ್ಲ. ಸರ್ಕಾರ ಅವರನ್ನು ಕೇಳಲಿಲ್ಲ ಎಂದು ಇಷ್ಟು ಪುಟ ಬರೆದವನು, ಅವರನ್ನು ಕೇಳದೆಯೇ ಅವರ ಬಾವಿಯ ನೀರು ಕುಡಿದವನು.

ತಮ್ಮನಿಗೆ ನಿನ್ನೆ ಫೋನ್ ಮಾಡಿದೆ. ಸೇರಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆದೇಶ ಬರುವ ಮೊದಲೇ ಗ್ರಾಮಸಭೆ ಕರೆಸು ಎಂದೆ. ಪೇಟೆಯವರಿಗೆ ನಿಮ್ಮಿಂದ ಏನು ಬೇಕು ಎಂದು ಅವರನ್ನೂ ಕರೆದು ಕೇಳಿ. ಸೇರುವುದಾದರೆ ನೀರು, ರಸ್ತೆಯ ಜತೆ ವರ್ಷಕ್ಕೆ ನಾಲ್ಕು ಸಲ ಜನ ಕೂತು ಕೇಳುವ ಒಂದು ಸಭೆಯನ್ನೂ ಬರಹದಲ್ಲಿ ಕೇಳಿ. ನೀರಿನಷ್ಟೇ ಅದೂ ಮುಖ್ಯ.

"ಆಯ್ತು. ಸಭೆಗೆ ಊರಿನವರನ್ನೆಲ್ಲ ಕರೀತೇನೆ" ಎಂದ.

"ನಮ್ಮ ಹಳೆ ಗದ್ದೆ ಹತ್ತಿರದ ಬಾಡಿಗೆ ಕೋಣೆಗಳಲ್ಲಿ ಬಾಗಲಕೋಟೆ ಕಡೆಯವರು, ಜಾರ್ಖಂಡದ ಹುಡುಗರು ಇದ್ದಾರಲ್ಲ?"

"ಅವರು ನಮ್ಮೂರಿನವರಲ್ಲವಲ್ಲ ಅಣ್ಣ."

"ಅವರನ್ನೂ ಕರಿ. ಬಂದರೆ ಹಿಂದಿನ ಸಾಲಿನಲ್ಲಿ ಕೂರಿಸಬೇಡ" ಎಂದೆ.